ಬಾರ್ಸಿಲೋನಾ–ನೀಸ್ ಕುಟುಂಬ ಪ್ರವಾಸ: ಸಂಸ್ಥೆಯವರು ಹೇಳದೆ ಬಿಟ್ಟ ಮಾತು

ಮೈಸೂರಿನ ಪ್ರವಾಸ ಸಂಸ್ಥೆಯೊಂದು ಏರ್ಪಡಿಸಿದ್ದ ಒಂಬತ್ತು ರಾತ್ರಿಗಳ ಸ್ಪೇನ್ ಮತ್ತು ದಕ್ಷಿಣ ಫ್ರಾನ್ಸ್ ಪ್ರವಾಸವನ್ನು ನಾವು ಐವರು ಕಳೆದ ಮೇ ತಿಂಗಳಲ್ಲಿ ಮುಗಿಸಿಕೊಂಡು ಬಂದೆವು. ಐವರೆಂದರೆ ಕುವೆಂಪುನಗರದಲ್ಲಿ ವಾಸವಾಗಿರುವ ನಾನು, ನಮ್ಮ ಯಜಮಾನರು, ದ್ವಿತೀಯ ಪಿಯುಸಿ ಮುಗಿಸಿದ ಮಗಳು, ಆರನೆಯ ತರಗತಿಯ ಮಗ ಮತ್ತು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿರುವ, ಎಪ್ಪತ್ತಾರು ವರ್ಷದ ನಮ್ಮ ಅತ್ತೆ. ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೊರಡುವ ಮುನ್ನ ಇನ್ನೂ ಎರಡು ಕಡೆ ವಿಚಾರಿಸಿ ಅವರ ಸೂಚನಾ ಪತ್ರಗಳನ್ನೂ ತಂದು ಓದಿದ್ದೆ. ನಾನು ಎತ್ತಿ ತೋರಿಸಬೇಕೆಂದಿರುವ ಕೊರತೆ, ಅಂದರೆ ಅಲ್ಲಿನ ಕಡಲತೀರಗಳ ಉಡುಗೆಯ ರೂಢಿಯನ್ನು ಮೊದಲೇ ತಿಳಿಸದಿರುವುದು, ಆ ಎರಡರಲ್ಲಿಯೂ ಹಾಗೆಯೇ ಇತ್ತು.

ಚೆನ್ನಾಗಿ ನಡೆದದ್ದನ್ನು ಮೊದಲು ಹೇಳುವುದು ನ್ಯಾಯ. ವೀಸಾ ಅರ್ಜಿಗಳನ್ನು ಅವರೇ ತುಂಬಿದರು, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದ ದಿನ ನಮ್ಮ ಜೊತೆಗೆ ಒಬ್ಬರನ್ನು ಕಳುಹಿಸಿದರು, ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಬೇಕಾದ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನು ಅತ್ತೆಯವರ ವಯಸ್ಸಿಗೆ ಸರಿಹೊಂದುವಂತೆ ಮಾಡಿಸಿಕೊಟ್ಟರು. ಹೋಟೆಲುಗಳು ಸ್ವಚ್ಛವಾಗಿದ್ದವು. ದಿನಕ್ಕೊಂದು ಹೊತ್ತು ಅನ್ನ, ಸಾರು, ಮಜ್ಜಿಗೆ ಸಿಕ್ಕಿತು. ಬಸ್ಸು ಒಂದು ದಿನವೂ ತಡವಾಗಲಿಲ್ಲ.

ಹೊರಡುವ ಎರಡು ವಾರ ಮೊದಲು ಸರಸ್ವತಿಪುರಂನ ಸಣ್ಣ ಸಭಾಂಗಣವೊಂದರಲ್ಲಿ ಎಲ್ಲ ಮೂವತ್ತನಾಲ್ಕು ಪ್ರವಾಸಿಗರನ್ನೂ ಸೇರಿಸಿ, ನಾಲ್ಕು ಪುಟಗಳ ಸೂಚನಾ ಪತ್ರವನ್ನು ಹಂಚಿ, ಒಂದೊಂದು ಸಾಲನ್ನೂ ಓದಿ ವಿವರಿಸಿದ್ದರು. ಚಾರ್ಜರಿಗೆ ಎಂತಹ ಪ್ಲಗ್ ಬೇಕು, ಕಿಸೆಗಳ್ಳರಿಂದ ಪಾಸ್‌ಪೋರ್ಟನ್ನು ಹೇಗೆ ಕಾಪಾಡಿಕೊಳ್ಳಬೇಕು, ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡದೆ ಚಟ್ನಿಪುಡಿಯನ್ನು ಒಯ್ಯುವುದು ಏಕೆ ಮೇಲು ಎಂಬಂಥ ವಿಷಯಗಳೆಲ್ಲ ಅದರಲ್ಲಿದ್ದವು. ಸಗ್ರಾದಾ ಫಮೀಲಿಯಾ ಚರ್ಚಿನ ಒಳಗೆ ಹೋಗುವವರು ಭುಜ ಮುಚ್ಚುವಂಥ ಬಟ್ಟೆ ತೊಟ್ಟಿರಬೇಕು ಎಂಬುದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿದ್ದರು. ಆದರೆ ನಾಲ್ಕನೆಯ ದಿನದ ಕಾರ್ಯಕ್ರಮದಲ್ಲಿ ಇದ್ದದ್ದು ‘ಸುಪ್ರಸಿದ್ಧ ಬಾರ್ಸಿಲೋನೆಟಾ ಕಡಲತೀರದಲ್ಲಿ ವಿಹಾರ, 2 ಗಂಟೆ’ ಎಂಬ ಒಂದೇ ಸಾಲು. ಅಲ್ಲಿ ಕೆಲವು ಹೆಂಗಸರು ಎದೆಯ ಮೇಲೆ ಬಟ್ಟೆಯಿಲ್ಲದೆ ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತಾರೆ, ಅದು ಅಲ್ಲಿ ಕಾನೂನಿಗೂ ರೂಢಿಗೂ ಒಪ್ಪಿಗೆಯಾದದ್ದು, ಮನೆಯ ಹಿರಿಯರನ್ನೂ ಮಕ್ಕಳನ್ನೂ ಅದಕ್ಕೆ ಸಿದ್ಧಗೊಳಿಸಿಕೊಂಡು ಬನ್ನಿ ಎಂದು ಯಾರೂ ಹೇಳಲಿಲ್ಲ. ಚರ್ಚಿನ ಬಟ್ಟೆಯ ವಿಷಯ ಮಾತನಾಡಲು ಬಾರದ ಸಂಕೋಚ ಕಡಲತೀರದ ಬಟ್ಟೆಯ ವಿಷಯಕ್ಕೆ ಬಂದಿತ್ತು.

ಬಾರ್ಸಿಲೋನೆಟಾ ಸುಂದರವಾದ ಜಾಗ. 1992ರ ಒಲಿಂಪಿಕ್ಸ್‌ಗಾಗಿ ನಗರವು ತನ್ನ ಕಡಲ ಅಂಚನ್ನೆಲ್ಲ ತೆರವುಗೊಳಿಸಿ ಹೊಸದಾಗಿ ರೂಪಿಸಿಕೊಂಡ ತೀರಗಳ ಸಾಲಿನಲ್ಲಿ ಇದೂ ಒಂದು. ನಾವು ಇಳಿದಾಗ ಬೆಳಗಿನ ಹನ್ನೊಂದು ಗಂಟೆ. ಮರಳಿನ ಮೇಲೆ ನೂರಾರು ಜನರಿದ್ದರು. ಬಹುಪಾಲು ಹೆಂಗಸರು ಈಜುಡುಗೆಯಲ್ಲಿಯೇ ಇದ್ದರು, ಅಲ್ಲೊಬ್ಬರು ಇಲ್ಲೊಬ್ಬರು ಮೇಲಿನ ಬಟ್ಟೆಯನ್ನು ತೆಗೆದಿಟ್ಟು ಮಲಗಿದ್ದರು. ನಮಗೆ ಹತ್ತಿರದಲ್ಲಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು ಮತ್ತು ಆಕೆಯ ಮಗಳಂತೆ ಕಾಣುತ್ತಿದ್ದ ಇನ್ನೊಬ್ಬಾಕೆ. ಇಬ್ಬರೂ ಪುಸ್ತಕ ಓದುತ್ತಿದ್ದರು, ಪಕ್ಕದಲ್ಲಿ ಸಣ್ಣ ಮಗುವೊಂದು ಬಕೆಟ್ಟಿನಲ್ಲಿ ಮರಳು ತುಂಬುತ್ತಿತ್ತು. ಅವರ ಸುತ್ತ ಕುಳಿತಿದ್ದ ಸ್ಥಳೀಯರಲ್ಲಿ ಒಬ್ಬರೂ ಅವರತ್ತ ತಿರುಗಿ ನೋಡುತ್ತಿರಲಿಲ್ಲ.

ನಮ್ಮ ಗುಂಪಿನಲ್ಲಿ ಮಾತ್ರ ಗಲಿಬಿಲಿ ಎದ್ದಿತು. ಒಂಟಿಕೊಪ್ಪಲಿನ ನಿವೃತ್ತ ಅಧಿಕಾರಿಯೊಬ್ಬರು ಇದು ಕುಟುಂಬಗಳನ್ನು ಕರೆತರುವ ಜಾಗವೇ ಎಂದು ಟೂರ್ ಮ್ಯಾನೇಜರನ್ನು ತರಾಟೆಗೆ ತೆಗೆದುಕೊಂಡು, ಆ ದಿನದ ಹಣ ವಾಪಸು ಬೇಕೆಂದರು. ಮಂಡ್ಯದ ಕಡೆಯ ಕಬ್ಬು ಬೆಳೆಗಾರ ದಂಪತಿ ಏನೂ ಮಾತನಾಡದೆ ಕಡಲಿಗೆ ಮುಖಮಾಡಿ ಕುಳಿತರು. ಹೊಸದಾಗಿ ಮದುವೆಯಾದ ಜೋಡಿಯೊಂದು ಇವೆಲ್ಲ ತಮಗೆ ಸಂಬಂಧಿಸಿದ್ದಲ್ಲವೆಂಬಂತೆ ನೀರಿಗೆ ಇಳಿಯಿತು. ಒಂದೇ ಸೀಮೆಯ, ಹೆಚ್ಚು ಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದವರಲ್ಲಿ ಇಷ್ಟೊಂದು ಬಗೆಯ ಮನಸ್ಸುಗಳಿರಬಹುದೆಂದು ನಾನು ಎಣಿಸಿರಲಿಲ್ಲ.

ಟೂರ್ ಮ್ಯಾನೇಜರ್ ಹಿರಿಯರನ್ನು ಸಮಾಧಾನಪಡಿಸಲು, ‘ಇಲ್ಲಿಯೂ ಇದು ಕಾನೂನಿಗೆ ವಿರುದ್ಧವೇ ಸಾರ್, ಪೊಲೀಸರು ಕಂಡೂ ಕಾಣದಂತೆ ಬಿಟ್ಟಿರುತ್ತಾರೆ’ ಎಂದರು. ಸೇವೆಯ ಗುಣಮಟ್ಟವನ್ನು ಅಳೆಯುವಾಗ ಈ ಮಾತನ್ನು ನಾನು ದೊಡ್ಡ ತಪ್ಪೆಂದು ಎಣಿಸುತ್ತೇನೆ, ಏಕೆಂದರೆ ಅದು ಸುಳ್ಳು. ಸಾರ್ವಜನಿಕವಾಗಿ ಸಭ್ಯತೆಗೆ ಭಂಗ ತರುವುದೆಂಬ ಹಳೆಯ ಅಪರಾಧವನ್ನು ಸ್ಪೇನ್ ತನ್ನ ದಂಡ ಸಂಹಿತೆಯಿಂದ 1988ರಲ್ಲಿಯೇ ತೆಗೆದುಹಾಕಿತು. ಅಂದಿನಿಂದ ಕಡಲತೀರದಲ್ಲಿ ಬರಿಮೈಯಲ್ಲಿರುವುದು ಅಲ್ಲಿ ಅಪರಾಧವಲ್ಲ. ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯದ ಸರ್ಕಾರವಂತೂ 2024ರಲ್ಲಿ ಸ್ಥಳೀಯ ಆಡಳಿತಗಳಿಗೆ ಪತ್ರ ಬರೆದು, ಸಾರ್ವಜನಿಕ ಈಜುಕೊಳಗಳಲ್ಲಿಯೂ ಹೆಂಗಸರು ಮೇಲುಡುಗೆಯಿಲ್ಲದೆ ಇರುವುದನ್ನು ತಡೆಯುವುದು ಸಮಾನತೆಯ ಕಾನೂನಿಗೆ ವಿರುದ್ಧವೆಂದು ತಿಳಿಸಿತು. ಹಾಗೆಂದು ಅಲ್ಲಿ ಕಟ್ಟುಪಾಡೇ ಇಲ್ಲವೆಂದಲ್ಲ. ಅದೇ ಬಾರ್ಸಿಲೋನಾದಲ್ಲಿ 2011ರಿಂದ ಬೀದಿಯಲ್ಲಿ ಬರಿಮೈಯಲ್ಲಿ ನಡೆದರೆ ಮಾತ್ರವಲ್ಲ, ಕಡಲತೀರದಿಂದ ದೂರದ ಬೀದಿಗಳಲ್ಲಿ ಈಜುಡುಗೆಯಲ್ಲಿ ಓಡಾಡಿದರೂ ದಂಡ ಹಾಕಲಾಗುತ್ತದೆ. ಮರಳಿನ ಮೇಲೆ ಸರಿಯಾದದ್ದು ರಸ್ತೆ ದಾಟಿದರೆ ಸರಿಯಲ್ಲ ಎಂಬ ಗಡಿಯನ್ನು ಆ ಊರು ಸ್ಪಷ್ಟವಾಗಿ ಎಳೆದುಕೊಂಡಿದೆ. ಮ್ಯಾನೇಜರ್ ಇದನ್ನು ತಿಳಿಸಿದ್ದರೆ ನಮ್ಮ ನಿವೃತ್ತ ಅಧಿಕಾರಿಗಳ ಸಿಟ್ಟು ಅರ್ಧಕ್ಕಾದರೂ ಇಳಿಯುತ್ತಿತ್ತು. ಆ ಅಧಿಕಾರಿಗಳು ನಮ್ಮ ದೇಶದ ಕಾನೂನನ್ನು ತಲೆಯಲ್ಲಿಟ್ಟುಕೊಂಡು ಮಾತನಾಡುತ್ತಿದ್ದರು. ಇಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲವಾಗಿ ವರ್ತಿಸಿ ಇತರರಿಗೆ ಕಿರಿಕಿರಿ ಉಂಟುಮಾಡುವುದು ಮೊದಲು ಭಾರತೀಯ ದಂಡ ಸಂಹಿತೆಯ 294ನೆಯ ಕಲಮಿನಂತೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮಿನಂತೆ ಅಪರಾಧವಾಗಿದೆ.

ನನಗೆ ಹೆಚ್ಚಿನ ಆತಂಕವಿದ್ದದ್ದು ಅತ್ತೆಯವರ ಬಗ್ಗೆ. ಅವರು ಚಾಪೆಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿ ಹಾಸಿಕೊಂಡು, ಆ ತಾಯಿ–ಮಗಳಿಗೆ ಬೆನ್ನಾಗುವಂತೆ ಕುಳಿತುಕೊಂಡರು. ಬಹಳ ಹೊತ್ತಿನ ಮೇಲೆ ನನ್ನ ಮಗಳಿಗೆ, ‘ನಮ್ಮವ್ವ ರವ್ಕೆ ಹಾಕ್ಕಂಡಿದ್ದ ನಾನು ನೋಡೇ ಇಲ್ಲ ಕಣ್ ಕೂಸು. ಸೀರೆ ಸೆರಗಲ್ಲೇ ಸುತ್ಕಂಡು ಗದ್ದೆ ಕೆಲ್ಸ ಮಾಡೋಳು’ ಎಂದರು. ಆ ಹೆಂಗಸರ ಪರವಾಗಿದ್ದ ಮಗಳು, ಇದನ್ನು ಕೇಳಿ ಅಜ್ಜಿ ತನ್ನ ಪಕ್ಷವೆಂದು ಹಿಗ್ಗಿದಳು. ಆದರೆ ಅವರ ಮಾತು ಅಲ್ಲಿಗೆ ಮುಗಿಯಲಿಲ್ಲ. ರವಿಕೆ ತೊಡದಿದ್ದುದು ತಾಯಿಯ ಇಷ್ಟವಾಗಿರಲಿಲ್ಲ, ಬಟ್ಟೆ ಕೊಳ್ಳಲು ಕಾಸಿರಲಿಲ್ಲ, ರೂಢಿಯೂ ಹಾಗೆಯೇ ಇತ್ತು. ತಮಗೆ ಮದುವೆಯಲ್ಲಿ ಮೊದಲ ಹೊಸ ರವಿಕೆ ಹೊಲಿಸಿದಾಗ ಊರ ತುಂಬ ತೋರಿಸಿಕೊಂಡು ಬಂದಿದ್ದರಂತೆ. ‘ನಾವು ಹಾಕ್ಕಳಾಕೆ ಅಷ್ಟು ಆಸೆ ಪಟ್ವಿ, ಇವ್ರು ಬಿಚ್ಚಾಕೆ ಆಸೆ ಪಡ್ತಾವ್ರೆ. ಇರ್ಲಿ, ಅವ್ರ ಸೀಮೆ. ನೀ ಮಾತ್ರ ಹಂಗೆ ಕೂರ್ಬ್ಯಾಡ’ ಎಂದು ಮುಗಿಸಿದರು.

ಈ ಮಾತನ್ನು ನಾನು ಹಲವು ದಿನ ಮನಸ್ಸಿನಲ್ಲಿಟ್ಟುಕೊಂಡು ತಿರುಗಿದೆ. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಜಾತಿಯ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದು ಹೋರಾಡಿದರು, ಕೊನೆಗೆ 1859ರಲ್ಲಿ ಅಲ್ಲಿನ ಮಹಾರಾಜರು ಘೋಷಣೆ ಹೊರಡಿಸಿ ಅವರಿಗೆ ಮೈ ಮುಚ್ಚಿಕೊಳ್ಳಲು ಅನುಮತಿ ಕೊಡಬೇಕಾಯಿತು, ಆಗಲೂ ಮೇಲ್ಜಾತಿಯ ಹೆಂಗಸರಂತೆ ಉಡುವ ಹಾಗಿರಲಿಲ್ಲ. ಇಂತಹ ನೆನಪನ್ನು ಹೊತ್ತ ದಕ್ಷಿಣ ಭಾರತದಲ್ಲಿ ಎದೆಯ ಮೇಲಿನ ಬಟ್ಟೆಯು ಮರ್ಯಾದೆಯ ಗಳಿಕೆಯಾಗಿ ಉಳಿದಿದ್ದರೆ ಅದನ್ನು ಹಿಂದುಳಿದ ಮನಸ್ಸು ಎಂದು ತಳ್ಳಿಹಾಕುವುದು ಸರಿಯಲ್ಲ. ಸ್ಪೇನಿನ ಕಥೆ ಇದಕ್ಕೆ ತಿರುಗುಮುರುಗು. ಫ್ರಾಂಕೋನ ಸರ್ವಾಧಿಕಾರದಲ್ಲಿ ಸರ್ಕಾರವೂ ಚರ್ಚೂ ಸೇರಿ ಹೆಂಗಸರ ಬಟ್ಟೆಯನ್ನು ಅಳೆಯುತ್ತಿದ್ದವು. 1975ರಲ್ಲಿ ಆತ ಸತ್ತ ಮೇಲೆ ಬೆಳೆದ ಹೆಂಗಸರಿಗೆ ಬಟ್ಟೆ ತೆಗೆದಿಡುವುದು ಬಿಡುಗಡೆಯ ಗುರುತಾಯಿತು. ನಮ್ಮ ಅತ್ತೆಯವರಿಗೆ ರವಿಕೆಯಲ್ಲಿ ಸಿಕ್ಕಿದ್ದು ಆ ಅರವತ್ತು ದಾಟಿದ ಹೆಂಗಸಿಗೆ ರವಿಕೆಯಿಲ್ಲದಿರುವುದರಲ್ಲಿ ಸಿಕ್ಕಿರಬಹುದು.

ನಮ್ಮ ಯಜಮಾನರು ಮುಜುಗರದಿಂದ ಕಾಲು ಗಂಟೆಯಲ್ಲೇ ಎದ್ದು ಹೋಗಿ ರಸ್ತೆಯ ಬದಿಯ ಬೆಂಚಿನ ಮೇಲೆ ಕುಳಿತರು. ಸಂಜೆ ಹೋಟೆಲಿನಲ್ಲಿ ಮಗಳು ಅವರನ್ನು ಬಿಡಲಿಲ್ಲ: ಗಂಡಸರು ಶರ್ಟ್ ತೆಗೆದು ಕಡಲಿಗೆ ಇಳಿದರೆ ಯಾರಿಗೂ ಏನೂ ಅನ್ನಿಸದಿರುವಾಗ ಹೆಂಗಸರಿಗೇಕೆ ಬೇರೆ ಕಾನೂನು ಎಂಬುದು ಅವಳ ಪ್ರಶ್ನೆ. ಅವರು, ‘ಪ್ರಶ್ನೆ ಸರಿಯಮ್ಮ, ಆದರೆ ನಿನ್ನನ್ನೂ ನಿನ್ನ ತಮ್ಮನನ್ನೂ ಪಕ್ಕದಲ್ಲಿಟ್ಟುಕೊಂಡು ನನಗೆ ಅಲ್ಲಿ ಕೂರಲು ಆಗಲಿಲ್ಲ, ಅಷ್ಟೇ’ ಎಂದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಮಗನು ಮೊದಲ ಐದು ನಿಮಿಷ ಕಣ್ಣರಳಿಸಿ ನೋಡಿ, ಆಮೇಲೆ ಪಕ್ಕದ ಮಗುವಿನ ಜೊತೆ ಮರಳಿನ ಕೋಟೆ ಕಟ್ಟಲು ಹೋಗಿದ್ದ. ಬಸ್ಸಿನಲ್ಲಿ ಯಾರೋ ಬೇಲೂರಿನ ಮದನಿಕೆಯರನ್ನೂ ಶ್ರವಣಬೆಳಗೊಳದ ಗೊಮ್ಮಟನನ್ನೂ ಎತ್ತಿಕೊಂಡು, ಅವನ್ನು ಮಕ್ಕಳೊಂದಿಗೆ ನೋಡುವ ನಮಗೆ ಇದೇಕೆ ಕಷ್ಟ ಎಂದು ವಾದಿಸಿದರು. ಈ ವಾದವನ್ನು ಬಹಳ ಜನ ಮಾಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಗೊಮ್ಮಟನ ಬರಿಮೈ ಎಲ್ಲವನ್ನೂ ತೊರೆದವನದು, ಮದನಿಕೆ ಕಲ್ಲು. ಬಾರ್ಸಿಲೋನೆಟಾದಲ್ಲಿ ಮಲಗಿದ್ದವರು ರಜೆಯ ದಿನ ಬಿಸಿಲು ಕಾಯಿಸಿಕೊಳ್ಳಲು ಬಂದ, ಹೆಸರೂ ಮನೆಯೂ ಇರುವ ಮನುಷ್ಯರು. ಅವರನ್ನು ಶಿಲ್ಪಕ್ಕೆ ಹೋಲಿಸಿದರೆ ನೋಡಲು ಪರವಾನಗಿ ಕೊಟ್ಟಂತೆಯೇ ಆಗುತ್ತದೆ.

ನಾನು ಈ ವಿಮರ್ಶೆ ಬರೆಯಲು ನಿಜವಾದ ಕಾರಣ ಆ ನೋಟವೇ. ನಮ್ಮ ಗುಂಪಿನ ಮೂವರು ಗಂಡಸರು ಸೆಲ್ಫಿ ತೆಗೆದುಕೊಳ್ಳುವವರಂತೆ ನಿಂತು, ಫೋನನ್ನು ಓರೆ ಹಿಡಿದು ಆ ಹೆಂಗಸರ ಚಿತ್ರ ತೆಗೆಯುತ್ತಿದ್ದರು. ಮಗಳಂತಿದ್ದಾಕೆಗೆ ಅದು ಗೊತ್ತಾಯಿತು. ಟವೆಲ್ ಸುತ್ತಿಕೊಂಡು ಎದ್ದು ಬಂದು, ಚಿತ್ರಗಳನ್ನು ಅಳಿಸಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಟೂರ್ ಮ್ಯಾನೇಜರ್ ನಕ್ಕು ವಿಷಯ ತೇಲಿಸಲು ನೋಡಿ, ನಮ್ಮ ಕಡೆಗೆ ತಿರುಗಿ ಕನ್ನಡದಲ್ಲಿ ‘ಬೇಗ ಬಸ್ ಹತ್ತಿ’ ಎಂದರು. ನನಗೆ ಆ ಹೊತ್ತಿನಲ್ಲಿ ಆದಷ್ಟು ನಾಚಿಕೆ ಅಲ್ಲಿ ಮಲಗಿದ್ದ ಯಾರನ್ನು ಕಂಡೂ ಆಗಿರಲಿಲ್ಲ. ನಾನೂ ಮಗಳೂ ಹೋಗಿ ಕ್ಷಮೆ ಕೇಳಿ, ಆ ಮೂವರೂ ನಮ್ಮ ಕಣ್ಣೆದುರೇ ಚಿತ್ರಗಳನ್ನು ಅಳಿಸುವಂತೆ ಮಾಡಿದೆವು. ಆಕೆ ಚಿಕ್ಕಂದಿನಿಂದ ತಾಯಿಯ ಜೊತೆ ಇದೇ ತೀರಕ್ಕೆ ಬರುತ್ತಿದ್ದರಂತೆ. ಮೊದಲು ಯೋಚಿಸದೆ ಮೇಲುಡುಗೆ ತೆಗೆಯುತ್ತಿದ್ದವರು ಈಗ ಸುತ್ತ ಎಷ್ಟು ಫೋನುಗಳಿವೆ ಎಂದು ನೋಡಿಕೊಂಡು ತೀರ್ಮಾನಿಸುತ್ತೇನೆ ಎಂದರು.

ಗೋಕರ್ಣದ ಓಂ ತೀರದಲ್ಲಿಯೂ ಹೀಗೆಯೇ ಆಗುವುದನ್ನು ಕಂಡಿದ್ದೇನೆ. ಅಲ್ಲಿ ವಿದೇಶದ ಹೆಂಗಸರು ಈಜುಡುಗೆಯಲ್ಲಿ ಕುಳಿತಿದ್ದರೆ ಸಾಕು, ನಮ್ಮ ಊರುಗಳಿಂದ ಗುಂಪಾಗಿ ಹೋದ ಹುಡುಗರು ಫೋನು ಹಿಡಿದು ಸುತ್ತುತ್ತಾರೆ.

ಆದರೆ ನೋಡದೆ ಇರುವ ಸೌಜನ್ಯ ನಮಗೆ ಗೊತ್ತಿಲ್ಲದ್ದೇನಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಹೆಂಗಸರು ಮಿಂದು ಮೆಟ್ಟಿಲಿನ ಮೇಲೆ ನಿಂತು ಒದ್ದೆ ಸೀರೆ ಬದಲಾಯಿಸುವುದು ನಮ್ಮ ಕಣ್ಣೆದುರಿನ ಸಂಗತಿ. ಪಕ್ಕದಲ್ಲಿ ಸಂಧ್ಯಾವಂದನೆಗೋ ಪಿಂಡಪ್ರದಾನಕ್ಕೋ ಕುಳಿತ ಗಂಡಸರು ತಾವಾಗಿಯೇ ಹೊಳೆಯತ್ತ ಮುಖ ತಿರುಗಿಸುತ್ತಾರೆ. ಹಾಗೆ ಮಾಡಿ ಎಂಬ ಫಲಕ ಅಲ್ಲಿಲ್ಲ, ಯಾರೂ ಪಾಠ ಹೇಳಿಕೊಟ್ಟಿಲ್ಲ. ಬಾರ್ಸಿಲೋನೆಟಾದಲ್ಲಿ ಸ್ಥಳೀಯರು ಮಾಡುತ್ತಿದ್ದದ್ದೂ, ಚಾಪೆ ತಿರುಗಿಸಿಕೊಂಡ ನಮ್ಮ ಅತ್ತೆ ಮಾಡಿದ್ದೂ, ಆ ಕಬ್ಬು ಬೆಳೆಗಾರ ದಂಪತಿ ಮಾಡಿದ್ದೂ ಅದನ್ನೇ. ಸೂಚನಾ ಪತ್ರದಲ್ಲಿ ಎರಡು ಸಾಲು ಬರೆದು ಇದನ್ನು ನೆನಪಿಸಿದ್ದರೆ ಸಾಕಾಗಿತ್ತು.

ನೀಸ್‌ನಲ್ಲಿ ಇದೇ ಸಂಸ್ಥೆಯ ಸೇವೆ ಎಷ್ಟು ಚೆನ್ನಾಗಿರಬಲ್ಲದು ಎಂಬುದನ್ನು ನೋಡಿದೆವು. ಅಲ್ಲಿ ಅವರು ಗೊತ್ತುಮಾಡಿದ್ದ ಸ್ಥಳೀಯ ಮಾರ್ಗದರ್ಶಿ ಒಬ್ಬ ಫ್ರೆಂಚ್ ಮಹಿಳೆ. ಏಳು ಕಿಲೋಮೀಟರ್ ಉದ್ದದ ಪ್ರಾಮೆನಾಡ್ ದೆಝಾಂಗ್ಲೆ ಎಂಬ ಕಡಲಬದಿಯ ರಸ್ತೆಯನ್ನು ಬಸ್ಸಿನಲ್ಲಿ ಹಾದುಹೋಗುವಾಗಲೇ ಅಲ್ಲಿನ ಕಡಲತೀರದ ರೂಢಿಯನ್ನು ಹತ್ತು ನಿಮಿಷ ಬಿಡಿಸಿ ಹೇಳಿದರು. ಎದೆ ತೆರೆದ ಈಜುಡುಗೆಯನ್ನು ರೂಡಿ ಗರ್ನ್‌ರೈಶ್ ಎಂಬ ವಿನ್ಯಾಸಕಾರ ಅಮೆರಿಕದಲ್ಲಿ ಹೊರತಂದದ್ದು 1964ರಲ್ಲಿ. ಹತ್ತಿರದ ಸೇಂಟ್ ಟ್ರೋಪೆಯ ತೀರದಲ್ಲಿ ಆಗ ಎದ್ದ ಗದ್ದಲ ಮುಂದಿನ ವರ್ಷಗಳಲ್ಲಿ ತಣ್ಣಗಾಗಿ ಅದು ರೂಢಿಯಾಯಿತು. ಈಗ ಕಿರಿಯ ತಲೆಮಾರಿನವರು ಚರ್ಮದ ಕ್ಯಾನ್ಸರಿನ ಹೆದರಿಕೆಯಿಂದಲೂ ಫೋನಿನ ಕ್ಯಾಮೆರಾಗಳ ಕಾಟದಿಂದಲೂ ಅದನ್ನು ಕಡಿಮೆ ಮಾಡುತ್ತಿದ್ದಾರೆ. ಫ್ರಾನ್ಸಿನ ಕುಟುಂಬಗಳಲ್ಲಿಯೂ ಈ ವಿಷಯದಲ್ಲಿ ಒಮ್ಮತವಿಲ್ಲವೆಂದು ಅವರೇ ಹೇಳಿದರು: 2020ರ ಆಗಸ್ಟಿನಲ್ಲಿ ಸೇಂತ್ ಮರೀ ಲಾ ಮೇರ್ ಎಂಬ ಊರಿನ ತೀರದಲ್ಲಿ ಮಕ್ಕಳೊಂದಿಗೆ ಬಂದಿದ್ದ ಕುಟುಂಬವೊಂದು ಕೇಳಿಕೊಂಡಿತೆಂದು ಪೊಲೀಸರು ಕೆಲವು ಹೆಂಗಸರಿಗೆ ಮೈ ಮುಚ್ಚಿಕೊಳ್ಳಲು ಹೇಳಿದ್ದರು, ದೇಶದಾದ್ಯಂತ ಆಕ್ಷೇಪ ಎದ್ದು, ಗೃಹ ಸಚಿವ ಜೆರಾಲ್ಡ್ ದರ್ಮನಾ ಅವರೇ ಆ ಹೆಂಗಸರ ಸ್ವಾತಂತ್ರ್ಯದ ಪರ ಮಾತನಾಡಬೇಕಾಯಿತು.

ಇದನ್ನು ಕೇಳಿ ನಮ್ಮ ನಿವೃತ್ತ ಅಧಿಕಾರಿಗಳು, ಹಾಗಾದರೆ ಮೈ ತುಂಬ ಮುಚ್ಚಿಕೊಂಡು ನೀರಿಗೆ ಇಳಿಯುವವರಿಗೂ ಅಷ್ಟೇ ಸ್ವಾತಂತ್ರ್ಯವಿದೆಯೇ ಎಂದು ಪ್ರಶ್ನಿಸಿದರು. ಒಳ್ಳೆಯ ಪ್ರಶ್ನೆ. ಆಕೆ ಮುಚ್ಚಿಡದೆ ಉತ್ತರಿಸಿದರು. 2016ರ ಬೇಸಿಗೆಯಲ್ಲಿ ನೀಸ್ ಸೇರಿ ಮೂವತ್ತರಷ್ಟು ಊರುಗಳು ಬುರ್ಕಿನಿ ಎಂಬ ಪೂರ್ಣ ಮೈಮುಚ್ಚುವ ಈಜುಡುಗೆಯನ್ನು ತೀರಗಳಲ್ಲಿ ನಿಷೇಧಿಸಿದ್ದವು. ಪಕ್ಕದ ವಿಲ್‌ನವ್ ಲೂಬೆ ಊರಿನ ನಿಷೇಧವನ್ನು ಅದೇ ವರ್ಷದ ಆಗಸ್ಟ್ 26ರಂದು ದೇಶದ ಅತ್ಯುಚ್ಚ ಆಡಳಿತ ನ್ಯಾಯಾಲಯ ತಡೆಹಿಡಿಯಿತು. ಕಡಿಮೆ ಉಡುವವಳನ್ನು ಸಮರ್ಥಿಸಿದ ನಾಡು ಹೆಚ್ಚು ಉಡುವವಳನ್ನು ತಡೆಯಲು ಹೊರಟಿದ್ದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ನೀಸ್‌ನ ತೀರದಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಅತ್ತೆಯವರು ಮಗಳ ಕೈ ಹಿಡಿದು, ನೂಲಿನ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು ನೀರಿನಲ್ಲಿ ನಿಂತರು. ಸ್ವಲ್ಪ ದೂರದಲ್ಲಿ ಇಬ್ಬರು ಹೆಂಗಸರು ಎದೆ ತೆರೆದು ಮಲಗಿದ್ದರು. ನಮ್ಮವರಲ್ಲಿ ಒಬ್ಬರೂ ಫೋನು ತೆಗೆಯಲಿಲ್ಲ. ಯಜಮಾನರೂ ಆ ದಿನ ಪೂರ್ತಿ ಒಂದು ಗಂಟೆ ನಮ್ಮೊಂದಿಗೆ ಕುಳಿತಿದ್ದರು. ಇಷ್ಟು ವ್ಯತ್ಯಾಸಕ್ಕೆ ಬೇಕಾದದ್ದು ಹತ್ತು ನಿಮಿಷದ ಮಾತು.

ಅಲ್ಲಿನ ಹೋಟೆಲಿನ ಈಜುಕೊಳದಲ್ಲಿ ಇನ್ನೊಂದು ತೊಂದರೆಯಾಯಿತು. ಚೂಡಿದಾರದಲ್ಲಿ ನೀರಿಗೆ ಇಳಿಯಹೊರಟ ನಮ್ಮ ಗುಂಪಿನ ಇಬ್ಬರು ಹೆಂಗಸರನ್ನು, ಸಡಿಲ ಬಟ್ಟೆಗೆ ಅವಕಾಶವಿಲ್ಲವೆಂದು ಸಿಬ್ಬಂದಿ ತಡೆದರು. ಇದನ್ನೂ ಮೈಸೂರಿನಲ್ಲಿಯೇ ಹೇಳಿದ್ದರೆ ಅವರು ಮೈಮುಚ್ಚುವ ಈಜುಡುಗೆಯನ್ನೇ ಕೊಂಡು ತರುತ್ತಿದ್ದರು. ನಾಲ್ಕು ಜನರ ಎದುರು ಹಿಂದಿರುಗುವ ಮುಜುಗರ ತಪ್ಪುತ್ತಿತ್ತು.

ಹಿಂದಿರುಗಿದ ವಾರದಲ್ಲಿ ಸಂಸ್ಥೆಯ ಕಚೇರಿಗೆ ವಿವರವಾಗಿ ಪತ್ರ ಬರೆದೆ. ವ್ಯವಸ್ಥಾಪಕರು ಕರೆದು ಕೂರಿಸಿ ಮಾತನಾಡಿದರು, ಅದಕ್ಕೆ ಅವರನ್ನು ಮೆಚ್ಚಬೇಕು. ಮೊದಲೇ ಹೇಳಿದರೆ ಕೆಲವು ಕುಟುಂಬಗಳು ಬರುವುದಿಲ್ಲ, ಇನ್ನು ಕೆಲವರು ಅದನ್ನೇ ನೋಡಲು ಬರುತ್ತಾರೆ, ಆದ್ದರಿಂದ ಹೇಳುವುದಿಲ್ಲ ಎಂಬುದು ಅವರ ವಿವರಣೆ. ಬರಲೊಲ್ಲದ ಕುಟುಂಬಕ್ಕೆ ಬರದಿರುವ ಹಕ್ಕಿದೆ, ಅಂಥವರಿಗೆ ಆ ಎರಡು ಗಂಟೆ ನಗರದ ಹಳೆಯ ಬೀದಿಗಳನ್ನು ತೋರಿಸಬಹುದು, ಅದನ್ನೇ ನೋಡಲು ಬರುವವರಿಗೆ ಫೋನು ಚೀಲದಲ್ಲಿರಬೇಕೆಂದು ಕಟ್ಟುನಿಟ್ಟಾಗಿ ಹೇಳಬಹುದು ಎಂದು ನಾನು ಉತ್ತರಿಸಿದೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ವೀಸಾ, ಊಟ, ವಸತಿಗಳನ್ನಷ್ಟೇ ನೋಡಿದರೆ ನಾಲ್ಕೂವರೆ ಸಲ್ಲಬೇಕಾದ ಸೇವೆ ಇದು. ಹಿರಿಯರನ್ನೂ ಬೆಳೆಯುವ ಮಕ್ಕಳನ್ನೂ ಕರೆದುಕೊಂಡು ಹೋಗುವವರು ಕಾರ್ಯಕ್ರಮದಲ್ಲಿ ಕಡಲತೀರವಿದೆಯೇ ಎಂದು ಕೇಳಿ ತಿಳಿದು, ಮನೆಯಲ್ಲಿಯೇ ಕುಳಿತು ಒಮ್ಮೆ ಮಾತನಾಡಿಕೊಂಡು ಹೊರಡಿ. ನೀಸ್‌ನಲ್ಲಿ ಆ ಸ್ಥಳೀಯ ಮಾರ್ಗದರ್ಶಿಯೇ ಬೇಕೆಂದು ಬರೆದು ಕೇಳಿ. ಮುಂದಿನ ತಂಡದ ಸೂಚನಾ ಪತ್ರಕ್ಕೆ ಸೇರಿಸಲು ಸಾಲೊಂದನ್ನು ನೀವೇ ಬರೆದುಕೊಡಿ ಎಂದು ವ್ಯವಸ್ಥಾಪಕರು ಕೇಳಿದ್ದರು. ‘ನಮ್ಮ ಹೊಳೆಯ ಸ್ನಾನಘಟ್ಟದಲ್ಲಿ ಹೇಗಿರುತ್ತೀರೋ ಅಲ್ಲಿಯೂ ಹಾಗೆಯೇ ಇರಿ, ಫೋನು ಚೀಲದಲ್ಲಿರಲಿ’ ಎಂದು ಬರೆದು ಕಳುಹಿಸಿದ್ದೇನೆ. ಅದು ಇನ್ನೂ ಅಚ್ಚಾಗಿಲ್ಲ.